ಎರಡು ಬೇಸಿಗೆಗಳ ನಾವಿಕ



ಹದಿನೆಂಟನೆಯ ಶತಮಾನದ ಒಬ್ಬ ನಾವಿಕನ ಬಾಳಿನಿಂದ ಎರಡು ಬೇಸಿಗೆಗಳನ್ನು ಆರಿಸಿಕೊಂಡು ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಒಂದು 1775ರ ಬೇಸಿಗೆ, ಇನ್ನೊಂದು 1792ರದು. ಎರಡೂ ಕಳೆದದ್ದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಮೊದಲನೆಯದರಲ್ಲಿ ತನ್ನವರನ್ನು ಕೊಂದವರ ಮೇಲೆ ಸೇಡು ತೀರಿಸಲೇಬೇಕೆಂದು ಹಟ ಹಿಡಿದ ಮನುಷ್ಯ, ಎರಡನೆಯದರಲ್ಲಿ ಅಂಥದೇ ಗಳಿಗೆ ಎದುರಾದಾಗ ಕೈಯೆತ್ತಲಿಲ್ಲ. ನಡುವೆ ಹದಿನೇಳು ವರ್ಷ. ಆತನ ನಕ್ಷೆಗಳಿಗಿಂತ, ಹಿಡಿದ ಪದವಿಗಳಿಗಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಬದಲಾವಣೆ.

ಆತನ ಪೂರ್ತಿ ಹೆಸರು ಹುವಾನ್ ಫ್ರಾನ್ಸಿಸ್ಕೋ ದೆ ಲಾ ಬೊದೇಗಾ ಇ ಕ್ವಾದ್ರಾ. ಸ್ಪೇನಿನವರ ರೂಢಿಯಲ್ಲಿ ಬೊದೇಗಾ ಎನ್ನುವುದೇ ಮನೆತನದ ಹೆಸರು. ಇಂಗ್ಲಿಷರು ಕೊನೆಯ ತುಂಡನ್ನು ಹಿಡಿದುಕೊಂಡು ಕ್ವಾದ್ರಾ ಎಂದು ಕರೆದರು, ಅವರ ಪುಸ್ತಕಗಳಲ್ಲಿ ಅದೇ ನಿಂತುಬಿಟ್ಟಿತು. ನಾನು ಬೊದೇಗಾ ಎಂದೇ ಕರೆಯುತ್ತೇನೆ. ಹುಟ್ಟಿದ್ದು 1744ರಲ್ಲಿ, ಪೆರು ದೇಶದ ಲಿಮಾ ನಗರದಲ್ಲಿ. ತಂದೆ ಸ್ಪೇನಿನ ಉತ್ತರದ ಬಿಸ್ಕಾಯಾ ಸೀಮೆಯಿಂದ ವಲಸೆ ಬಂದವನು. ತಾಯಿ ಪೆರುವಿನಲ್ಲೇ ಬೇರೂರಿದ್ದ ದೊಡ್ಡ ಮನೆತನದವಳು. ಹೀಗೆ ವಸಾಹತಿನಲ್ಲಿ ಹುಟ್ಟಿದ ಸ್ಪೇನ್ ಸಂತಾನದವರಿಗೆ ಕ್ರಿಯೋಯೋ ಎಂಬ ಹೆಸರಿತ್ತು. ಮೈಯ ಬಣ್ಣ ಒಂದೇ, ಮಾತು ಒಂದೇ, ಧರ್ಮ ಒಂದೇ. ಆದರೂ ಸ್ಪೇನಿನ ನೆಲದಲ್ಲೇ ಹುಟ್ಟಿದವರಿಗಿಂತ ಇವರು ಅರ್ಧ ಮೆಟ್ಟಿಲು ಕೆಳಗೆ. ಹತ್ತೊಂಬತ್ತರ ಸುಮಾರಿಗೆ ಬೊದೇಗಾ ಸಾಗರ ದಾಟಿ ಕಾದಿಸ್ ನಗರದ ನೌಕಾ ಶಾಲೆಗೆ ಸೇರಿದ. ಆ ಅರ್ಧ ಮೆಟ್ಟಿಲು ಆತನ ಜೊತೆಗೇ ಹಡಗು ಹತ್ತಿತು.

1774ರಲ್ಲಿ ಆತನನ್ನು ಮೆಕ್ಸಿಕೋದ ಪಶ್ಚಿಮ ತೀರದ ಸಾನ್ ಬ್ಲಾಸ್ ಎಂಬ ನೌಕಾ ನೆಲೆಗೆ ಕಳಿಸಿದರು. ಸೊಳ್ಳೆ, ಜ್ವರ, ಕೆಸರಿನ ಊರು ಅದು. ಸ್ಥಾಪನೆಯಾಗಿ ಆರೇ ವರ್ಷವಾಗಿತ್ತು. ಕ್ಯಾಲಿಫೋರ್ನಿಯಾದಿಂದ ಉತ್ತರಕ್ಕೆ ಹೋಗುವ ಕರಾವಳಿಯೆಲ್ಲ ತನ್ನದೆಂದು ಸ್ಪೇನ್ ಶತಮಾನಗಳಿಂದ ಹೇಳಿಕೊಳ್ಳುತ್ತಿತ್ತು, ಆದರೆ ಅದರ ಬಹುಭಾಗವನ್ನು ಕಣ್ಣಿಂದ ನೋಡಿರಲಿಲ್ಲ. ಅಷ್ಟರಲ್ಲಿ ರಷ್ಯನ್ನರು ಅಲಾಸ್ಕಾದ ಕಡೆಯಿಂದ ಇಳಿಯುತ್ತಿದ್ದಾರೆಂಬ ಸುದ್ದಿ ಬಂತು. ಮೆಕ್ಸಿಕೋದ ವೈಸರಾಯ್ ಬುಕಾರೇಲಿ ಹಡಗುಗಳನ್ನು ಸಜ್ಜು ಮಾಡಿಸಿದ. ನಾಯಕತ್ವ ಸಿಕ್ಕಿದ್ದು ಬ್ರೂನೋ ದೆ ಎಸೇತಾ ಎಂಬ ಅಧಿಕಾರಿಗೆ. ಬೊದೇಗಾನಿಗೆ ಯಾವ ಹಡಗಿನ ನಾಯಕತ್ವವೂ ಸಿಗಲಿಲ್ಲ, ಹುಟ್ಟಿದ ಊರೇ ಅದಕ್ಕೆ ಕಾರಣವಿರಬೇಕೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಆತ ಮುನಿಸಿಕೊಂಡು ಕೂರಲಿಲ್ಲ. ಅತಿ ಚಿಕ್ಕ ಹಡಗು ಸೊನೋರಾದಲ್ಲಿ ಎರಡನೆಯ ಅಧಿಕಾರಿಯಾಗಿ ಬರುತ್ತೇನೆಂದು ಹೊರಟ.

ಸೊನೋರಾ ಎಷ್ಟು ಚಿಕ್ಕದೆಂದರೆ, ಅದರ ಉದ್ದ ಸುಮಾರು 36 ಅಡಿ. ನಮ್ಮ ಊರುಗಳಲ್ಲಿ ಓಡುವ ಒಂದು ಬಸ್ಸಿನಷ್ಟು. ಅದರಲ್ಲಿ ಹದಿನೇಳು ಜನ, ತಿಂಗಳುಗಟ್ಟಲೆಗೆ ನೀರು, ಆಹಾರ, ಸೌದೆ, ಮದ್ದುಗುಂಡು. 1775ರ ಮಾರ್ಚ್ 16ರಂದು ಸಾನ್ ಬ್ಲಾಸ್ ಬಿಟ್ಟರು. ಹೊರಟ ಕೆಲವೇ ದಿನಗಳಲ್ಲಿ ಸಾನ್ ಕಾರ್ಲೋಸ್ ಎಂಬ ಸರಕು ಹಡಗಿನ ಕಪ್ತಾನನ ಬುದ್ಧಿ ಸ್ಥಿಮಿತ ತಪ್ಪಿತು. ಆತನನ್ನು ದಡಕ್ಕೆ ಕಳಿಸಿ, ಸೊನೋರಾದ ಕಪ್ತಾನ ಅಯಾಲಾನನ್ನು ಆ ಹಡಗಿಗೆ ಹಾಕಿದರು. ಹೀಗೆ ಸೊನೋರಾ ಬೊದೇಗಾನ ಕೈಗೆ ಬಂತು. ಅದೇ ಅಯಾಲಾ ಆಗಸ್ಟ್ ತಿಂಗಳಲ್ಲಿ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯೊಳಕ್ಕೆ ಹಡಗು ನುಗ್ಗಿಸಿದ ಮೊದಲ ಯುರೋಪಿಯನ್ ಆದ. ಬೊದೇಗಾನ ಪಾಲಿಗೆ ಬಂದದ್ದು ಬಸ್ಸಿನುದ್ದದ ದೋಣಿ, ಮತ್ತು ಅದರ ಜೊತೆಗೆ ಮೌರೆಯೇ ಎಂಬ ಜಾಣ ಮಾರ್ಗದರ್ಶಿ.

ಜುಲೈ 14. ಈಗಿನ ವಾಷಿಂಗ್ಟನ್ ರಾಜ್ಯದ ಕಡಲತೀರ. ಹಿಂದಿನ ದಿನ ಅಲ್ಲಿನ ಜನ ದೋಣಿಗಳಲ್ಲಿ ಬಂದು ಮೀನು, ಮಾಂಸ ಕೊಟ್ಟು ಸ್ನೇಹದಿಂದಲೇ ಹೋಗಿದ್ದರು. ನೀರು, ಸೌದೆ ತರಲೆಂದು ಸೊನೋರಾದಿಂದ ಏಳು ಜನರನ್ನು ಬೊದೇಗಾ ದಡಕ್ಕೆ ಕಳಿಸಿದ. ಅಲೆಗಳ ನಡುವೆ ದೋಣಿ ಮರಳಿಗೆ ತಾಗಿತೋ ಇಲ್ಲವೋ, ಕಾಡಿನಿಂದ ನೂರಾರು ಜನ ನುಗ್ಗಿ ಬಂದರು. ಹಡಗಿನಿಂದ ಗುಂಡು ಹಾರಿಸಿದರೂ ಅಷ್ಟು ದೂರ ಮುಟ್ಟಲಿಲ್ಲ. ಏಳು ಜನರಲ್ಲಿ ಒಬ್ಬನೂ ಹಿಂತಿರುಗಲಿಲ್ಲ. ಹಡಗಿಗೆ ಇದ್ದ ದೋಣಿ ಅದೊಂದೇ. ಇನ್ನೊಂದನ್ನು ಇಳಿಸಿ ಹೋಗುವಂತಿರಲಿಲ್ಲ. ತನ್ನ ಜನರಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಮಂದಿ ಸಾಯುವುದನ್ನು ಬೊದೇಗಾ ಕಣ್ಣಾರೆ ನೋಡಬೇಕಾಯಿತು. ಆ ಜಾಗಕ್ಕೆ ಹುತಾತ್ಮರ ಚಾಚು ಎಂಬರ್ಥದ ಹೆಸರಿಟ್ಟ.

ಸಂಜೆ ಎಸೇತಾನ ದೊಡ್ಡ ಹಡಗು ಸಾಂತಿಯಾಗೋದಲ್ಲಿ ಸಭೆ ಸೇರಿತು. ಬೊದೇಗಾನ ಬೇಡಿಕೆ ಒಂದೇ: ಶಸ್ತ್ರ ಹಿಡಿದ ಜನರನ್ನು ಕೊಡಿ, ಹೋಗಿ ತಕ್ಕ ಪಾಠ ಕಲಿಸುತ್ತೇವೆ. ಎಸೇತಾ ಒಪ್ಪಲಿಲ್ಲ. ಆತ್ಮರಕ್ಷಣೆಗಲ್ಲದೆ ಆಯುಧ ಎತ್ತಬಾರದೆಂಬುದು ವೈಸರಾಯ್‌ನ ಆಜ್ಞೆ. ಬೊದೇಗಾ ಸುಮ್ಮನಾದ, ಆದರೆ ನೋವು ಆರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಹತ್ತಿರಕ್ಕೇ ಮರಳಿ ಬರುತ್ತೇವೆ.

ಸ್ಕರ್ವಿ ಎಂಬ ರೋಗದ ಬಗ್ಗೆ ಕೇಳಿರುತ್ತೀರಿ. ಹಸಿ ತರಕಾರಿ, ಹಣ್ಣು ಕಾಣದ ಕಡಲ ಬಾಳಿನಲ್ಲಿ ಒಸಡು ಬಾತು ರಕ್ತ ಸುರಿಯುತ್ತದೆ, ಹಲ್ಲು ಅಲುಗಾಡುತ್ತದೆ, ಹಳೆಯ ಗಾಯ ಮತ್ತೆ ಬಾಯಿ ಬಿಡುತ್ತದೆ, ಕಾಲು ಎತ್ತಿಡಲಾಗುವುದಿಲ್ಲ. ಸಾಂತಿಯಾಗೋದ ಜನ ಒಬ್ಬೊಬ್ಬರಾಗಿ ಮಲಗಿದರು. ಹಿಂದಿರುಗೋಣ ಎಂಬ ಮಾತೆದ್ದಿತು. ಜುಲೈ ಕೊನೆಯ ಒಂದು ರಾತ್ರಿ ಎರಡು ಹಡಗುಗಳೂ ಬೇರ್ಪಟ್ಟವು. ಬೊದೇಗಾ, ಮೌರೆಯೇ ಬೇಕೆಂದೇ ದೂರ ಸರಿದರೆಂದು ಹಲವರು ನಂಬುತ್ತಾರೆ; ನನಗೂ ಹಾಗೇ ಅನ್ನಿಸುತ್ತದೆ. ಎಸೇತಾ ದಕ್ಷಿಣಕ್ಕೆ ತಿರುಗಿದ. ದಾರಿಯಲ್ಲಿ ಆಗಸ್ಟ್ 17ರಂದು ಕೊಲಂಬಿಯಾ ಎಂಬ ಮಹಾನದಿಯ ಬಾಯಿ ಆತನ ಕಣ್ಣಿಗೆ ಬಿತ್ತು. ಲಂಗರು ಇಳಿಸಿದರೆ ಮತ್ತೆ ಎತ್ತಲು ಜನರಲ್ಲಿ ಬಲವಿಲ್ಲವೆಂದು ಒಳಗೆ ಹೋಗಲಿಲ್ಲ.

ಬೊದೇಗಾ ಆ ಪುಟ್ಟ ಹಡಗನ್ನು ಉತ್ತರಕ್ಕೇ ನಡೆಸಿದ. ಆಗಸ್ಟ್ ನಡುವಿನಲ್ಲಿ ಹಿಮದ ಟೊಪ್ಪಿಗೆ ಹಾಕಿದ ಬೆಟ್ಟವೊಂದು ಕಂಡಿತು. ಈಗ ಅಲಾಸ್ಕಾದ ಎಜ್‌ಕಂಬ್ ಬೆಟ್ಟ ಎಂದು ಹೆಸರಾಗಿರುವುದು ಅದೇ. ಅದರ ಹತ್ತಿರದ ಒಂದು ಕೊಲ್ಲಿಯಲ್ಲಿ ಇಳಿದು ಶಿಲುಬೆ ನೆಟ್ಟು, ಈ ನೆಲ ಸ್ಪೇನ್ ರಾಜನದೆಂದು ಸಾರಿದರು. ಅಲ್ಲಿ ನಡೆದದ್ದನ್ನು ಮೌರೆಯೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸ್ಪೇನಿನವರು ಹಡಗಿಗೆ ಹಿಂದಿರುಗುತ್ತಲೇ ಊರಿನ ಜನ ಬಂದು ಶಿಲುಬೆಯನ್ನು ಕಿತ್ತು, ಹೊತ್ತುಕೊಂಡು ಹೋಗಿ ತಮ್ಮ ಮನೆಯ ಮುಂದೆ ನೆಟ್ಟುಕೊಂಡರು. ಮುಂದಿನ ಬಾರಿ ನೀರು ತುಂಬಿಕೊಳ್ಳಲು ಹೋದಾಗ, ನೀರಿಗೆ ಬೆಲೆ ಕೊಡಿ ಎಂದು ಕೇಳಿದರು. ಕೊಡದೆ ಇದ್ದಾಗ ಕಲ್ಲಿನ ಮೊನೆಯ ಉದ್ದ ಈಟಿಗಳನ್ನು ಎತ್ತಿದರು. ರಾಜನ ಹೆಸರಿನಲ್ಲಿ ನೆಲ ಸ್ವಾಧೀನ ಮಾಡಿಕೊಂಡೆವೆಂದು ಬರೆದ ಎಷ್ಟೋ ಕಾಗದಗಳನ್ನು ಇತಿಹಾಸದಲ್ಲಿ ನೋಡುತ್ತೇವೆ. ನೆಲದ ಒಡೆಯರು ಕೊಟ್ಟ ಉತ್ತರ ಹೀಗೆ ದಾಖಲಾಗಿರುವುದು ಅಪರೂಪ.

58 ಡಿಗ್ರಿ ಅಕ್ಷಾಂಶವನ್ನೂ ದಾಟಿ ಸೊನೋರಾ ಹಿಂದಿರುಗಿತು. ಆ ಹೊತ್ತಿಗೆ ಬೊದೇಗಾ, ಮೌರೆಯೇ ಇಬ್ಬರೂ ಹಾಸಿಗೆ ಹಿಡಿದಿದ್ದರು. ಅಕ್ಟೋಬರ್ 3ರಂದು ಕ್ಯಾಲಿಫೋರ್ನಿಯಾದ ಒಂದು ಕೊಲ್ಲಿಯನ್ನು ಹೊಕ್ಕರು. ಆ ಕಡೆಯ ಬೊದೇಗಾ ಕೊಲ್ಲಿಯಲ್ಲಿ ಆತನ ಹೆಸರು ಇಂದಿಗೂ ಉಳಿದಿದೆ. ಹಿಚ್‌ಕಾಕನ ಪಕ್ಷಿಗಳ ಸಿನಿಮಾ ನೋಡಿದವರು ಆ ಊರನ್ನು ನೋಡಿದ್ದಾರೆ. ನವೆಂಬರ್‌ನಲ್ಲಿ ಸಾನ್ ಬ್ಲಾಸ್ ಸೇರಿದರು.

ನಡುವಣ ವರ್ಷಗಳನ್ನು ಬೇಗ ದಾಟೋಣ. 1779ರ ಫೆಬ್ರವರಿ 11ರಂದು ಬೊದೇಗಾ ಅರ್ತೆಯಾಗಾ ಎಂಬ ಅಧಿಕಾರಿಯ ಜೊತೆ ಮತ್ತೆ ಅಲಾಸ್ಕಾಕ್ಕೆ ಹೊರಟ, 61 ಡಿಗ್ರಿಯವರೆಗೂ ಹೋಗಿ ಬಂದ. ಇಂಗ್ಲೆಂಡಿನ ಕಪ್ತಾನ್ ಕುಕ್ ಆ ಕಡೆ ಬಂದಿದ್ದರೆ ತಡೆಯಬೇಕೆಂಬುದೂ ಸ್ಪೇನಿನ ಮನಸ್ಸಿನಲ್ಲಿತ್ತು. ಅವರು ಹೊರಟ ಮೂರೇ ದಿನಕ್ಕೆ ಕುಕ್ ಹವಾಯಿಯಲ್ಲಿ ಕೊಲೆಯಾದ. ಇವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಆಮೇಲೆ ಯುದ್ಧ ಬಂತು, ಅನ್ವೇಷಣೆ ನಿಂತಿತು. ಹವಾನಾ, ಕಾದಿಸ್ ಎಂದು ಅಲೆದ ಬೊದೇಗಾ, 1789ರಲ್ಲಿ ಹೊಸ ವೈಸರಾಯ್ ರೆವಿಯಾಹಿಹೇದೋ ಜೊತೆ ಸಾನ್ ಬ್ಲಾಸ್ ನೆಲೆಯ ಮುಖ್ಯಸ್ಥನಾಗಿ ಮರಳಿ ಬಂದ.

ಬರುವಷ್ಟರಲ್ಲಿ ಬೆಂಕಿ ಹೊತ್ತಿತ್ತು. ಈಗಿನ ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ಅಂಚಿನಲ್ಲಿ ನೂಟ್ಕಾ ಎಂಬ ಕಡಲ ಕವಲಿದೆ. ಮೊವಾಚಾಟ್ ಜನರ ಯುಕ್ವಾಟ್ ಎಂಬ ಊರು ಅದರ ಬಾಯಲ್ಲಿದೆ, ಒಡೆಯ ಮಾಕ್ವಿನ್ನಾ. ಅಲ್ಲಿ ಸಿಗುತ್ತಿದ್ದ ಕಡಲ ನೀರುನಾಯಿಯ ತುಪ್ಪಳ ಚೀನಾದ ಕ್ಯಾಂಟನ್ ಪೇಟೆಯಲ್ಲಿ ಚಿನ್ನದ ಬೆಲೆಗೆ ಹೋಗುತ್ತಿತ್ತು. ಅದರ ಬೆನ್ನು ಹತ್ತಿ ಮೊದಮೊದಲು ಹೊರಟ ಹಡಗುಗಳಲ್ಲಿ ಕೆಲವು ನಮ್ಮ ಬಂದರುಗಳಿಂದಲೇ ಹೋದವು. 1785ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಜೇಮ್ಸ್ ಸ್ಟ್ರೇಂಜ್ ಎರಡು ಹಡಗು ಹೊರಡಿಸಿದ. 1786ರಲ್ಲಿ ಕಲ್ಕತ್ತೆಯಿಂದ ಜಾನ್ ಮಿಯರ್ಸ್ ಹೊರಟ. ಈ ಮಿಯರ್ಸ್ 1788ರಲ್ಲಿ ಚೀನೀ ಕೆಲಸಗಾರರನ್ನು ಕರೆದುಕೊಂಡು ನೂಟ್ಕಾಗೆ ಹೋಗಿ, ಒಂದು ಮನೆ ಕಟ್ಟಿಸಿ, ಒಂದು ಸಣ್ಣ ಹಡಗನ್ನೂ ಅಲ್ಲೇ ಕಟ್ಟಿಸಿ ನೀರಿಗಿಳಿಸಿದ. ಮರುವರ್ಷ ಸ್ಪೇನಿನ ಮಾರ್ತೀನೆಸ್ ಎಂಬ ಅಧಿಕಾರಿ ಅಲ್ಲಿಗೆ ಬಂದು ಮಿಯರ್ಸ್ ಪಾಲುದಾರರ ಹಡಗುಗಳನ್ನು ಹಿಡಿದು ಹಾಕಿದ. ಆತನ ಜನ ಮಾಕ್ವಿನ್ನಾನ ಆಪ್ತ ಮುಖಂಡ ಕಲ್ಲಿಕಮ್‌ನನ್ನೂ ಗುಂಡಿಟ್ಟು ಕೊಂದರು. ಹಡಗುಗಳ ಸುದ್ದಿ ಲಂಡನ್ನಿಗೆ ಮುಟ್ಟಿ ಎರಡು ಸಾಮ್ರಾಜ್ಯಗಳು ಯುದ್ಧಕ್ಕೆ ಸಜ್ಜಾದವು. 1790ರ ಅಕ್ಟೋಬರ್ 28ರಂದು ಒಪ್ಪಂದವಾಯಿತು: ಬ್ರಿಟಿಷರಿಂದ ಕಿತ್ತುಕೊಂಡ ಮನೆ, ನೆಲ ಹಿಂತಿರುಗಿಸಬೇಕು. ಎಷ್ಟು ನೆಲ? ಅದನ್ನು ಸ್ಥಳದಲ್ಲೇ ನೋಡಿ ತೀರ್ಮಾನಿಸಲು ಸ್ಪೇನ್ ಬೊದೇಗಾನನ್ನು ಕಳಿಸಿತು, ಬ್ರಿಟನ್ ಜಾರ್ಜ್ ವ್ಯಾಂಕೂವರ್‌ನನ್ನು ಕಳಿಸಿತು.

1792ರ ಏಪ್ರಿಲ್ ಕೊನೆಗೆ ಬೊದೇಗಾ ನೂಟ್ಕಾ ತಲುಪಿದ. ಜೊತೆಗೆ ಸಸ್ಯಶಾಸ್ತ್ರಜ್ಞ ಮೊಸೀನ್ಯೋ, ಚಿತ್ರಕಾರ ಎಚೆವೆರ್ರಿಯಾ ಇದ್ದರು. ವ್ಯಾಂಕೂವರ್ ಬರಲು ಇನ್ನೂ ನಾಲ್ಕು ತಿಂಗಳಿತ್ತು. ಆ ನಾಲ್ಕು ತಿಂಗಳು ಬೊದೇಗಾ ಮಾಡಿದ್ದನ್ನು ನೋಡಿದರೆ ರಾಯಭಾರ ಎಂದರೆ ಏನೆಂದು ತಿಳಿಯುತ್ತದೆ. ಆತ ಮನೆ ತೆರೆದಿಟ್ಟ. ಕೈತೋಟದ ತರಕಾರಿ, ಬಿಸಿ ಬ್ರೆಡ್ಡು, ಹಾಲು. ಬಂದರಿಗೆ ಬಂದ ಯಾವ ದೇಶದ ಹಡಗಿನವನಾದರೂ ಸರಿ, ಆತನ ಪಂಕ್ತಿಯಲ್ಲಿ ಜಾಗವಿತ್ತು. ಅಮೆರಿಕದ ಯುವ ನಾವಿಕನೊಬ್ಬ ಒಂದು ಔತಣದ ಲೆಕ್ಕ ಬರೆದಿಟ್ಟಿದ್ದಾನೆ: ಊಟಕ್ಕೆ ಕೂತವರು 54 ಜನ, ತಟ್ಟೆಗಳೆಲ್ಲ ಗಟ್ಟಿ ಬೆಳ್ಳಿಯವು, ಐದು ಸಲ ಬದಲಾಯಿಸಿದರು, ಅಂದರೆ 270 ತಟ್ಟೆ. ಜಗತ್ತಿನ ತುತ್ತತುದಿಯ ಮಳೆಕಾಡಿನಲ್ಲಿ! ಆತನ ಕಪ್ತಾನ ರಾಬರ್ಟ್ ಗ್ರೇ, ಆ ವರ್ಷದ ಮೇ ತಿಂಗಳಲ್ಲಿ ಕೊಲಂಬಿಯಾ ನದಿಯೊಳಗೆ ಹಡಗು ನಡೆಸಿದವನು, ಮುಂದೆ ತನ್ನ ಮಗನಿಗೆ ರಾಬರ್ಟ್ ಡಾನ್ ಕ್ವಾದ್ರಾ ಗ್ರೇ ಎಂದು ಹೆಸರಿಟ್ಟ.

ಆ ಪಂಕ್ತಿಯಲ್ಲಿ ಮಾಕ್ವಿನ್ನಾ ಕೂಡ ಗೌರವದ ಅತಿಥಿಯಾಗಿ ಕೂರುತ್ತಿದ್ದ. ಸ್ಪೇನಿನವರಿಂದ ತನ್ನ ಊರಿನ ನೆಲವನ್ನೂ ತನ್ನ ಆಪ್ತನನ್ನೂ ಕಳೆದುಕೊಂಡವನು ಅವನು. ಅಂಥವನ ವಿಶ್ವಾಸ ಮತ್ತೆ ಗಳಿಸುವುದು ಬೆಳ್ಳಿ ತಟ್ಟೆಯಿಂದ ಆಗುವ ಕೆಲಸವಲ್ಲ.

ಆ ಬೇಸಿಗೆಯಲ್ಲೇ ಬೊದೇಗಾನ ಸೇವೆಯಲ್ಲಿದ್ದ ಒಬ್ಬ ಹುಡುಗ ಕೊಲೆಯಾದ. ಛಿದ್ರವಾದ ಹೆಣ ಸಿಕ್ಕಿತು. ಅನುಮಾನ ಮಾಕ್ವಿನ್ನಾನ ಜನರ ಮೇಲೆ ಬಿತ್ತು. ಶಿಕ್ಷಿಸಬೇಕು, ಸುಮ್ಮನಿದ್ದರೆ ನಮ್ಮನ್ನು ಹೇಡಿಗಳೆಂದುಕೊಳ್ಳುತ್ತಾರೆ ಎಂದು ಸುತ್ತಲಿನವರು ಒತ್ತಾಯಿಸಿದರು. ಹದಿನೇಳು ವರ್ಷದ ಹಿಂದೆ ಸಾಂತಿಯಾಗೋ ಹಡಗಿನಲ್ಲಿ ಕೂತು ಇದೇ ಮಾತನ್ನು ಆಡಿದ್ದವನು ಬೊದೇಗಾ. ಆಗ ತಡೆಯಲು ಮೇಲೆ ಎಸೇತಾ ಇದ್ದ. ಈಗ ಮೇಲೆ ಯಾರೂ ಇಲ್ಲ, ಕೈಯಲ್ಲಿ ಫಿರಂಗಿಗಳಿವೆ. ಆತ ಹೇಳಿದ್ದು ಇಷ್ಟು: ಕೊಂದವರು ಯಾರೆಂದು ಗೊತ್ತಾಗದೆ ಯಾರನ್ನೂ ಮುಟ್ಟುವುದಿಲ್ಲ. ಅದೇ ಬೇಸಿಗೆಯಲ್ಲಿ ದಕ್ಷಿಣದ ನೂನ್ಯೆಸ್ ಗಾಓನಾ ಎಂಬ ಇನ್ನೊಂದು ನೆಲೆಯಿಂದ ಕೆಟ್ಟ ಸುದ್ದಿ ಬಂತು. ಅಲ್ಲಿ ಸೆರಾಂತೆಸ್ ಎಂಬ ಸ್ಪೇನ್ ಅಧಿಕಾರಿ ಕೊಲೆಯಾಗಿದ್ದ. ಸೇಡಿಗಾಗಿ ಆ ನೆಲೆಯ ನಾಯಕ ಫಿದಾಲ್ಗೋ ಎದುರಿಗೆ ಬಂದ ದೋಣಿಗಳ ಮೇಲೆ ಗುಂಡು ಹಾರಿಸಿ ಹಲವರನ್ನು ಕೊಂದಿದ್ದ. ಬೊದೇಗಾ ತನ್ನ ಸ್ವಂತ ಅಧಿಕಾರಿಯನ್ನೇ ತರಾಟೆಗೆ ತೆಗೆದುಕೊಂಡ. ಅತಿ ಮೃದು ಮನುಷ್ಯ ಎಂದು ಬೇರೆ ದೇಶಗಳ ನಾವಿಕರು ಆಡಿಕೊಂಡರು. ಹುತಾತ್ಮರ ಚಾಚಿನ ಏಳು ಸಾವುಗಳನ್ನು ಕಂಡವನ ಮೃದುತ್ವ ಅದು. ನನ್ನ ಲೆಕ್ಕದಲ್ಲಿ ಆತನ ಬಾಳಿನ ಅತಿ ದೊಡ್ಡ ಶೋಧ ಇದೇ, ಅಲಾಸ್ಕಾ ಅಲ್ಲ.

ಆಗಸ್ಟ್ 28ರಂದು ವ್ಯಾಂಕೂವರ್‌ನ ಡಿಸ್ಕವರಿ ಹಡಗು ಬಂತು. ಎರಡೂ ಕಡೆ ಹದಿಮೂರು ಹದಿಮೂರು ತೋಪು ಹಾರಿದವು. ಒಬ್ಬನಿಗೆ ಸ್ಪ್ಯಾನಿಷ್ ಬಾರದು, ಇನ್ನೊಬ್ಬನಿಗೆ ಇಂಗ್ಲಿಷ್ ಬಾರದು. ಇಂಗ್ಲಿಷರ ಸರಕು ಹಡಗಿನಲ್ಲಿದ್ದ ಡಾಬ್ಸನ್ ಎಂಬ ಹುಡುಗನಿಗೆ ಸ್ಪ್ಯಾನಿಷ್ ಬರುತ್ತಿತ್ತು. ಎರಡು ಸಾಮ್ರಾಜ್ಯಗಳ ವ್ಯವಹಾರವೆಲ್ಲ ಅವನ ಬಾಯಿಂದ ನಡೆಯಿತು.

ಬೊದೇಗಾ ಮೃದುವಾಗಿದ್ದನೆಂದು ಸಡಿಲವಾಗಿದ್ದನೆಂದುಕೊಳ್ಳಬೇಡಿ. ಗ್ರೇ, ಇಂಗ್ರಾಮ್ ಎಂಬ ಅಮೆರಿಕದ ಕಪ್ತಾನರಿಂದ, ವಿಯಾನಾ ಎಂಬ ಪೋರ್ಚುಗೀಸ್ ಕಪ್ತಾನನಿಂದ ಆಗಲೇ ಬರಹದಲ್ಲಿ ಸಾಕ್ಷ್ಯ ಪಡೆದಿಟ್ಟಿದ್ದ. ಮಿಯರ್ಸ್ ಕಟ್ಟಿದ್ದು ಒಂದು ಸಣ್ಣ ಗುಡಿಸಲು, ಮಾರ್ತೀನೆಸ್ ಬರುವ ಮೊದಲೇ ಅದು ಇರಲಿಲ್ಲ. ಮಾಕ್ವಿನ್ನಾ ಕೂಡ ಮಿಯರ್ಸ್ ಹೇಳಿಕೊಂಡಂತೆ ಊರನ್ನೆಲ್ಲ ಮಾರಿರಲಿಲ್ಲ. ಹಾಗಾಗಿ ಬೊದೇಗಾ ಕೊಡಲೊಪ್ಪಿದ್ದು ಆ ಗುಡಿಸಲಿದ್ದ ಮೂಲೆ ಮಾತ್ರ. ವ್ಯಾಂಕೂವರ್‌ನ ಲೆಕ್ಕದಲ್ಲಿ ಅದು ಯಾವ ಕಡೆ ಅಳೆದರೂ ನೂರು ಗಜಕ್ಕಿಂತ ಹೆಚ್ಚೇನೂ ಇಲ್ಲದ ತ್ರಿಕೋನ. ನಾನು ಹೋದ ಮೇಲೆ ನಮ್ಮ ಮನೆ, ತೋಟ ಬಳಸಿಕೊಳ್ಳಿ, ಒಡೆತನ ಮಾತ್ರ ಸ್ಪೇನಿನದು ಎಂದ ಬೊದೇಗಾ. ಇಡೀ ನೂಟ್ಕಾ ಬೇಕು ಎಂದ ವ್ಯಾಂಕೂವರ್. ಕಾಗದಗಳು ಹೋದವು, ಬಂದವು. ಇಬ್ಬರೂ ಒಂದಿಂಚೂ ಕದಲಲಿಲ್ಲ. ದಿನವೂ ಒಟ್ಟಿಗೆ ಊಟ ಮಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಇಬ್ಬರೂ ದೋಣಿಗಳಲ್ಲಿ ಕಡಲ ಕವಲಿನ ಒಳಗೆ ತಾಸಿಸ್ ಎಂಬ ಊರಿಗೆ, ಮಾಕ್ವಿನ್ನಾನ ಮನೆಗೆ ಹೋದರು. ಊಟ ಬೊದೇಗಾನದು, ಮದ್ಯ ವ್ಯಾಂಕೂವರ್‌ನದು. ಆತಿಥೇಯರ ಯೋಧರು ಈಟಿ, ಬಂದೂಕು ಹಿಡಿದು ಯುದ್ಧದ ಆಟ ಆಡಿ ತೋರಿಸಿದರು. ಆಮೇಲೆ ಸ್ವತಃ ಮಾಕ್ವಿನ್ನಾ ನೀರುನಾಯಿ ತುಪ್ಪಳದ ನಿಲುವಂಗಿ ತೊಟ್ಟು ಮುಖವಾಡ ಹಾಕಿ ಕುಣಿದ. ಉತ್ತರವಾಗಿ ಇಂಗ್ಲಿಷ್ ನಾವಿಕರು ಕೊಳಲು, ತಮಟೆಯ ಜೊತೆ ತಮ್ಮ ಕುಣಿತ ಕುಣಿದರು. ಹಿಂದಿರುಗುವ ದಾರಿಯಲ್ಲಿ ಬೊದೇಗಾ ಒಂದು ಕೋರಿಕೆ ಇಟ್ಟ: ನಮ್ಮ ಭೇಟಿಯ ನೆನಪಿಗೆ ಯಾವುದಾದರೂ ಬಂದರಿಗೋ ದ್ವೀಪಕ್ಕೋ ನಮ್ಮಿಬ್ಬರ ಹೆಸರನ್ನೂ ಸೇರಿಸಿ ಇಡಿ. ತಾವು ನಿಂತ ನೆಲ ಒಂದು ದ್ವೀಪವೆಂಬುದು ಆ ಬೇಸಿಗೆಯಲ್ಲಷ್ಟೇ ಖಚಿತವಾಗಿತ್ತು. ವ್ಯಾಂಕೂವರ್ ಅದಕ್ಕೇ ಕ್ವಾದ್ರಾ ಮತ್ತು ವ್ಯಾಂಕೂವರ್ ದ್ವೀಪ ಎಂದು ಹೆಸರಿಟ್ಟ. ಅಲ್ಲಿ ಸಾವಿರಾರು ವರ್ಷಗಳಿಂದ ಬಾಳಿದವರು ಪ್ರತಿ ಕೊಲ್ಲಿಗೂ ಬಂಡೆಗೂ ಇಟ್ಟಿದ್ದ ಹೆಸರುಗಳನ್ನು ಆ ದಿನ ಯಾರೂ ಕೇಳಲಿಲ್ಲ. ಬೊದೇಗಾನನ್ನು ಎಷ್ಟು ಮೆಚ್ಚಿದರೂ ಇದನ್ನು ನಾನು ಮರೆಯಲಾರೆ.

ಸೆಪ್ಟೆಂಬರಿನಲ್ಲಿ ಬೊದೇಗಾ ನೂಟ್ಕಾ ಬಿಟ್ಟು ಕ್ಯಾಲಿಫೋರ್ನಿಯಾದ ಮೊಂತೆರೇಗೆ ಹೋಗಿ ವ್ಯಾಂಕೂವರ್‌ಗಾಗಿ ಕಾದ. ಆತನಿಗೆ ದನ, ಕುರಿ ಕೊಟ್ಟು ಬೆಲೆ ಬೇಡವೆಂದ. ವ್ಯಾಂಕೂವರ್‌ನ ಸಹ ಅಧಿಕಾರಿ ಬ್ರೌಟನ್ ಬೇಗ ಲಂಡನ್ ಮುಟ್ಟಬೇಕಿತ್ತು. ಬೊದೇಗಾ ಅವನನ್ನು ತನ್ನ ಜೊತೆಗೇ ಸಾನ್ ಬ್ಲಾಸ್‌ಗೆ ಕರೆದೊಯ್ದು, ಮೆಕ್ಸಿಕೋ ದಾಟಿ ಹೋಗಲು ಏರ್ಪಾಡು ಮಾಡಿದ. ಎದುರಾಳಿಯ ದೂತನನ್ನು ತನ್ನ ನೆಲದ ನಡುವೆಯೇ ದಾಟಿಸಿದ ರಾಯಭಾರಿ ಆತ. 1793ರ ಜನವರಿಯಲ್ಲಿ ಸ್ನೇಹಿತರಿಬ್ಬರೂ ಅಗಲಿದರು, ಮತ್ತೆ ಸೇರಲಿಲ್ಲ.

ಬೆಳ್ಳಿ ತಟ್ಟೆಗಳ ಆ ಔತಣಗಳ ಖರ್ಚಿನ ದೊಡ್ಡ ಪಾಲು ಬೊದೇಗಾ ಸ್ವಂತ ಕೈಯಿಂದ ಹಾಕಿದ್ದ. ಸಾಲ ತಲೆಯ ಮೇಲೆ ಬಂತು, ಆರೋಗ್ಯ ಕೆಟ್ಟಿತು. 1794ರ ಮಾರ್ಚ್ 26ರಂದು ಮೆಕ್ಸಿಕೋ ನಗರದಲ್ಲಿ ತೀರಿಕೊಂಡ. ಐವತ್ತು ತುಂಬಿರಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೆ ನೂಟ್ಕಾಗೆ ಬಂದ ವ್ಯಾಂಕೂವರ್‌ಗೆ ಈ ಸುದ್ದಿ ಸಿಕ್ಕಿತು. ಆತನಿಗಾದ ದುಃಖ ಆತನ ಪ್ರವಾಸ ಗ್ರಂಥದಲ್ಲಿ ಅಚ್ಚಾಗಿದೆ. ದ್ವೀಪದ ಜೋಡಿ ಹೆಸರಿನಿಂದ ಮುಂದೆ ಕ್ವಾದ್ರಾ ಉದುರಿಹೋಯಿತು. 1903ರಲ್ಲಿ ಪಕ್ಕದ ಇನ್ನೊಂದು ಚಿಕ್ಕ ದ್ವೀಪಕ್ಕೆ ಆ ಹೆಸರಿಟ್ಟರು.

ನೂಟ್ಕಾದ ವ್ಯಾಜ್ಯ 1794ರ ಜನವರಿಯ ಕರಾರಿನಲ್ಲಿ ತೀರ್ಮಾನವಾಗಿತ್ತು: ಸ್ಪೇನ್, ಬ್ರಿಟನ್ ಎರಡೂ ಅಲ್ಲಿ ಕಾಯಂ ನೆಲೆ ಊರಬಾರದು. 1795ರ ಮಾರ್ಚ್ 28ರಂದು ಸ್ಪೇನಿನವರು ಕೋಟೆ ಬಿಚ್ಚಿ, ಬಾವುಟಗಳ ವಿಧಿ ಮುಗಿಸಿ, ಹಡಗು ಹತ್ತಿದರು. ಬ್ರಿಟಿಷರೂ ಹೊರಟುಹೋದರು. ಮರುವರ್ಷ, ಹಿಂದೆ ಬೊದೇಗಾನ ಹಡಗಿನಲ್ಲಿ ಪಯಣಿಸಿದ್ದ ಅದೇ ಬ್ರೌಟನ್ ತನ್ನ ಹಡಗಿನಲ್ಲಿ ನೂಟ್ಕಾಗೆ ಬಂದ. ಸ್ಪೇನಿನವರ ಮನೆಗಳಿದ್ದ ಜಾಗದಲ್ಲಿ ಮಾಕ್ವಿನ್ನಾನ ಜನ ತಮ್ಮ ಊರನ್ನು ಮತ್ತೆ ಕಟ್ಟಿಕೊಂಡು ವಾಸವಾಗಿದ್ದರು.